ಕನ್ನಡ ಸಿನಿಮಾ ಪತ್ರಿಕೆಯ ಮುಖಪುಟ ಅನಲೈಸ್ ಮಾಡೋದು ಹೇಗೆ?

ಮಲ್ಲಿಗೆ_ಮೊಗ್ಗು:
ಎಲ್ರಿಗೂ ನಮಸ್ಕಾರ. ನಾನು ಜರ್ನಲಿಸಂ ಎರಡನೇ ವರ್ಷ, ಅಸೈನ್‌ಮೆಂಟ್‌ಗೆ ಒಂದು ಸಿನಿಮಾ ಪತ್ರಿಕೆ ಮುಖಪುಟ ತಗೊಂಡು ಅದರ ಡಿಸೈನು, ಭಾಷೆ ಎರಡನ್ನೂ ವಿಶ್ಲೇಷಣೆ ಮಾಡ್ಬೇಕು. ಕ್ಲಾಸಲ್ಲಿ ತೋರ್ಸಿದ್ದು ಇಂಗ್ಲೆಂಡಿನ ಎಂಪೈರ್ ಪತ್ರಿಕೆ. ಮೇಲೆ ದಪ್ಪ ಕೆಂಪು ಅಕ್ಷರದಲ್ಲಿ ಹೆಸರು, ಹೀರೋ ತಲೆ ಅದರ ಮೇಲೆ ಬಂದು ನಡುವಿನ ಅಕ್ಷರ ಮುಚ್ಚಿರತ್ತೆ, ಆದ್ರೂ ಜನ ಗುರುತು ಹಿಡೀತಾರೆ, ಅದೇ ಪತ್ರಿಕೆಯ ಧೈರ್ಯ ಅಂದ್ರು. ನಂಗೆ ಕನ್ನಡದ್ದೇ ಮಾಡ್ಬೇಕು ಅಂತ ಆಸೆ. ಅಜ್ಜಿ ಮನೆ ಅಟ್ಟದಲ್ಲಿ ಒಂದು ಹಳೇ ಸಂಚಿಕೆ ಸಿಕ್ತು, ಹೆಸರಿನ ಕೊನೆಗೆ ‘ಚಿತ್ರ’ ಅಂತ ಬರತ್ತೆ, ಹಳದಿ ಹಿನ್ನೆಲೆ, ಕೆಂಪು ಹೆಸರು, ನಟಿಯ ಮುಖ ಕ್ಲೋಸಪ್ಪು. ಆದ್ರೆ ಮುಖ ನಡುವೆ ಇಲ್ಲ, ಎಡಕ್ಕೆ ಸರಿದಿದೆ, ಬಲಗಡೆ ಸುಮಾರು ಜಾಗ ಖಾಲಿ. ಕ್ಲಾಸಲ್ಲಿ ಕಲ್ತ ಲೆಕ್ಕದಲ್ಲಿ ಇದು ತಪ್ಪು ಡಿಸೈನ್ ಅಂತ ಬರೀಬೇಕಾಗತ್ತೆ, ಹಾಗೆ ಬರೆಯೋಕೆ ಮನಸ್ಸು ಬರ್ತಿಲ್ಲ. ಹೇಗೆ ಓದ್ಬೇಕು ಇದನ್ನ?

ಅಕ್ಷರಜೋಡಣೆ:
ತಂಗೀ, ದಯವಿಟ್ಟು ತಪ್ಪು ಅಂತ ಬರೀಬೇಡ. ನಾನು ಇಪ್ಪತ್ತು ವರ್ಷದ ಮೇಲೆ ಡಿಟಿಪಿ, ಅಂದ್ರೆ ಕಂಪ್ಯೂಟರಲ್ಲಿ ಪುಟ ಕಟ್ಟೋ ಕೆಲ್ಸ ಮಾಡಿದೀನಿ, ಪೇಜ್‌ಮೇಕರ್, ಶ್ರೀಲಿಪಿ ಅನ್ನೋ ಹಳೇ ಸಾಫ್ಟ್‌ವೇರ್‌ಗಳ ಕಾಲದಿಂದ.

ಇಂಗ್ಲಿಷ್ ಕ್ಯಾಪಿಟಲ್ ಅಕ್ಷರ ಎಲ್ಲಾ ಒಂದೇ ಎತ್ತರ, ಕೆಳಗೆ ಹೆಚ್ಚುಕಮ್ಮಿ ಏನೂ ಇಳಿಯಲ್ಲ. ನಮ್ಮದು ಹಾಗಲ್ಲ. ಬಹಳಷ್ಟು ಅಕ್ಷರಕ್ಕೆ ಮೇಲೆ ಇರೋದು ಅದೇ ತಲೆಕಟ್ಟು, ವ್ಯತ್ಯಾಸ ಗೊತ್ತಾಗೋದೇ ಕೆಳಗೆ. ದ ಮತ್ತೆ ಧ, ಡ ಮತ್ತೆ ಢ ಪಕ್ಕಪಕ್ಕ ಬರೆದು ನೋಡು, ಕೆಳಗಿನ ಆ ಚಿಕ್ಕ ಸೀಳು ಒಂದೇ ಬೇರೆ. ಹೀರೋ ತಲೆ ಬರೋದು ಯಾವಾಗ್ಲೂ ಕೆಳಗಿಂದ, ಅಂದ್ರೆ ಅದು ಮುಚ್ಚೋದು ಅಕ್ಷರದ ಮುಖ್ಯವಾದ ಭಾಗವನ್ನೇ. ಒತ್ತಕ್ಷರ ಇದ್ರಂತೂ ಮುಗೀತು, ‘ಚಿತ್ರ’ದ ರ-ಒತ್ತು ಕೂದಲಿನ ಹಿಂದೆ ಹೋದ್ರೆ ಅದು ‘ಚಿತ’ ಆಗತ್ತೆ. ಸಿನಿಮಾ ಪತ್ರಿಕೆ ಮೇಲೆ ಚಿತ ಅಂತ ಹೊಡೆದು ಅಂಗಡಿಗೆ ಕಳಿಸಕ್ಕಾಗುತ್ತಾ ಹೇಳು.

ರೂಪತಾರಾ, ಅರಗಿಣಿ, ಸುಧಾ, ಮಯೂರ, ತರಂಗ, ತುಷಾರ, ಮಂಗಳ, ಯಾವುದರಲ್ಲೂ ಒತ್ತಿಲ್ಲ. ಬೇಕಂತಲೇ ಹಾಗಿಟ್ರು ಅಂತ ನಾನು ಹೇಳಲ್ಲ, ಆದ್ರೆ ಮುಖಪುಟ ಕಟ್ಟೋನಿಗೆ ಇಂಥ ಹೆಸರು ಸಿಕ್ಕಿದ್ರೆ ಅರ್ಧ ಕೆಲ್ಸ ಹಗುರ.

ಬಣ್ಣದ್ದೂ ಬರಿ. ಹಳದಿ ಅಂದ್ರೆ ಒಂದೇ ಇಂಕು, ಅದರ ಮೇಲೆ ಮೆಜೆಂಟಾ, ಅಂದ್ರೆ ಗಾಢ ಗುಲಾಬಿ ಇಂಕು ಬಿದ್ರೆ ಕೆಂಪು. ಪ್ರೆಸ್ಸಲ್ಲಿ ಒಂದೊಂದು ಇಂಕಿಗೂ ಬೇರೆ ಬೇರೆ ಪ್ಲೇಟು. ಹಳದಿ ಪುಟದ ಪೂರ್ತಿ ಹರಡಿರೋದ್ರಿಂದ ಒಂದು ಪ್ಲೇಟು ಕೂದಲೆಳೆಯಷ್ಟು ಜರುಗಿದ್ರೂ ಅಕ್ಷರದ ಅಂಚಲ್ಲಿ ಬಿಳಿ ಗೆರೆ ಕಾಣಲ್ಲ. ಅದೇ ನೀಲಿ ಹಿನ್ನೆಲೆ ಮೇಲೆ ಕೆಂಪು ಅಕ್ಷರ ಆಗಿದ್ರೆ ನೀಲಿಯಲ್ಲಿ ಅಕ್ಷರದ ಜಾಗ ಖಾಲಿ ಬಿಡ್ಬೇಕು, ಒಂದು ಚೂರು ಜರುಗಿದ್ರೂ ಅಸಹ್ಯ. ಹಳದಿ-ಕೆಂಪು ನೋಡಿ ಬಾವುಟದ ಬಣ್ಣ ಅಂತ ಎಲ್ರೂ ಬರೀತಾರೆ, ಬರಿ ಬೇಕಾದ್ರೆ, ಜೊತೆಗೆ ಇದನ್ನೂ ಬರಿ.

ಓದೋ_ಅಕ್ಕ:
ಮೇಲಿನವರು ಹೇಳಿದ್ದು ಓದಿ ನಂಗೂ ಕಣ್ಣು ಬಿಡ್ತು. ನಾನು ಭಾಷೆ ಬಗ್ಗೆ ಹೇಳ್ತೀನಿ. ಮುಖಪುಟದ ತಲೆಬರಹಗಳಲ್ಲಿ ಕ್ರಿಯಾಪದ ಹುಡುಕಮ್ಮ. ಇಂಗ್ಲಿಷಲ್ಲಿ ಹೀ, ಶೀ ಅಂದ್ರೆ ಮುಗೀತು, ಕನ್ನಡದಲ್ಲಿ ‘ಹೇಳಿದರು’ನೋ ‘ಹೇಳಿದಳು’ನೋ ಅಂತ ಆರಿಸ್ಕೊಳ್ಳಲೇಬೇಕು, ಅಲ್ಲೇ ಪತ್ರಿಕೆ ಯಾರಿಗೆ ಎಷ್ಟು ಮರ್ಯಾದೆ ಕೊಡತ್ತೆ ಅಂತ ಬಯಲಾಗತ್ತೆ. ನಾನು ಓದಿದ ಎಷ್ಟೋ ಗಾಸಿಪ್ ಪುಟಗಳಲ್ಲಿ ನಾಯಕನಿಗೆ ಬಹುವಚನ, ಅವನ ಪಕ್ಕದಲ್ಲೇ ನಿಂತ ನಾಯಕಿಗೆ ಏಕವಚನ. ಚಿಕ್ಕವಳಿದ್ದಾಗಿಂದ ಇದು ನಂಗೆ ಚುಚ್ತಾ ಬಂದಿದೆ. ಕೆಲವು ಸಲ ‘ಮಾತುಕತೆ’, ‘ಮನದಾಳ’ ಅಂತ ನಾಮಪದಕ್ಕೇ ನಿಲ್ಸಿ ಕ್ರಿಯಾಪದ ಬಿಟ್ಟುಬಿಡ್ತಾರೆ, ಹಾಗೆ ಬಿಟ್ಟಿದ್ರೆ ಅದನ್ನೂ ಗಮನಿಸು.

ಆಮೇಲೆ ಬಿರುದು. ವರನಟ, ಸಾಹಸಸಿಂಹ ಅಂತಷ್ಟೇ ಹಾಕಿದ್ರೆ ಕನ್ನಡದ ಓದುಗರಿಗೆ ಹೆಸರೇ ಬೇಕಾಗಲ್ಲ, ರಾಜ್‌ಕುಮಾರ್, ವಿಷ್ಣುವರ್ಧನ್ ಮುಖ ಕಣ್ಮುಂದೆ ಬರತ್ತೆ. ಎಂಪೈರ್ ತನ್ನ ಹೆಸರು ಮುಚ್ಚಿ ತೋರ್ಸೋ ಧೈರ್ಯ ಅಂದ್ರಲ್ಲ ನಿಮ್ಮ ಕ್ಲಾಸಲ್ಲಿ, ನಮ್ಮವರು ಅದನ್ನ ನಟರ ಹೆಸರು ಬಿಟ್ಟು ಮಾಡ್ತಿದ್ರು.

ಬಸ್‌ಸ್ಟ್ಯಾಂಡ್_ಓದುಗ:
ಒಂದು ಸಣ್ಣ ವಿಷ್ಯ. ಪತ್ರಿಕೆ ಅಂಗಡೀಲಿ ಹಗ್ಗಕ್ಕೆ ಕ್ಲಿಪ್ ಹಾಕಿ ಒಂದರ ಮೇಲೊಂದು ಜರುಗಿಸಿ ನೇತುಹಾಕಿರ್ತಾರಲ್ಲ, ಆಗ ಒಂದೊಂದರದ್ದೂ ಒಂದು ಪಟ್ಟಿಯಷ್ಟೇ ಕಾಣೋದು. ನಿಮ್ಮ ಸಂಚಿಕೆಯ ಬಲಭಾಗ ಕೈಯಲ್ಲಿ ಮುಚ್ಚಿ ನೋಡಿ, ನಟಿಯ ಕಣ್ಣು ಕಾಣ್ಸುತ್ತಾ?

ಮಲ್ಲಿಗೆ_ಮೊಗ್ಗು:
ಈಗಷ್ಟೇ ನೋಡ್ದೆ! ಬಲಭಾಗ ಮುಚ್ಚಿದ್ರೂ ಎರಡೂ ಕಣ್ಣು ಪೂರ್ತಿ ಕಾಣತ್ತೆ. ಮತ್ತೆ ಅಕ್ಷರಜೋಡಣೆ ಸಾರ್, ನಟಿ ಮುಡಿದ ಮಲ್ಲಿಗೆ ಹೆಸರಿನ ಮೊದಲ ಅಕ್ಷರದ ಬುಡಕ್ಕೆ ಸ್ವಲ್ಪ ತಾಗಿದೆ ಅಷ್ಟೇ, ಬಲಗಡೆ ಖಾಲಿ ಅಂದಿದ್ನಲ್ಲ, ಅಲ್ಲೇ ರ-ಒತ್ತು ಇಳಿದಿರೋದು, ಬಾಲ ಹಳದಿಯಲ್ಲಿ ಒಂಟಿಯಾಗಿ ನೇತಾಡ್ತಿದೆ, ಅದರ ತುದಿ ಸರಿಯಾಗಿ ಅವರ ಜುಮುಕಿ ಇರೋ ಕಡೆಗೇ ಬಾಗಿದೆ. ಮೂರು ದಿನದಿಂದ ಇದನ್ನೇ ನೋಡ್ತಿದ್ದೆ, ಕಂಡೇ ಇರ್ಲಿಲ್ಲ. ಅಕ್ಕ, ಕ್ರಿಯಾಪದ ಇರೋ ತಲೆಬರಹ ಎರಡೇ ಇದೆ, ಒಂದು ನಟಂದು, ಒಂದು ನಟಿದು. ನೀವು ಹೇಳಿದ ಹಾಗೇ ಇದೆ.