ಸಹಾಯ ಬೇಕು: ಮತ್ತಿಯೋ, ಹೊಳೆಮತ್ತಿಯೋ?

ಹಳ್ಳದ ದಂಡೆಯ ಮರ. ಎಲೆಯ ಫೋಟೊ ಹಾಕಿದರೆ ಗಿಡ ಗುರುತಿಸುವ ಆ್ಯಪ್ ಒಮ್ಮೆ ಮತ್ತಿ ಅನ್ನುತ್ತದೆ, ಇನ್ನೊಮ್ಮೆ ಹೊಳೆಮತ್ತಿ. ಎಲೆಯ ಎರಡೂ ಬದಿಯನ್ನು ಬಿಳಿ ಹಾಳೆಯ ಮೇಲೆ, ಸ್ಕೇಲ್ ಜೊತೆ, ನೆರಳಲ್ಲೇ ತೆಗೆದದ್ದು. ಬಿಸಿಲಲ್ಲಿ ಹೊಳಪು ಬಂದು ನರಗಳೇ ಕಾಣುವುದಿಲ್ಲ. ತೊಟ್ಟಿನ ಹತ್ತಿರ ಎರಡು ಪುಟ್ಟ ಗಂಟುಗಳಿವೆ, ಆದರೆ ಅವು ಎರಡೂ ಜಾತಿಯಲ್ಲಿ ಇರುವಂಥವು. ಎಲೆಯೊಂದರಿಂದ ತೀರ್ಮಾನ ಆಗದು.

ತೊಗಟೆ ಮತ್ತಿಯದರ ಹಾಗೆ ಮೊಸಳೆ ಚರ್ಮದಂತೆ ಬಿರಿದಿಲ್ಲ. ನುಣುಪು, ಬೂದುಬಿಳಿ, ಚಕ್ಕೆಚಕ್ಕೆಯಾಗಿ ಕಳಚುತ್ತದೆ. ಹಾಗಾಗಿ ಹೊಳೆಮತ್ತಿ ಎಂದೇ ನನ್ನ ಅಂದಾಜು. ಖಚಿತಪಡಿಸಲು ಉದುರಿದ ಕಾಯಿ ನೋಡಬೇಕು: 5 ರೆಕ್ಕೆ ಎರಡಕ್ಕೂ ಇವೆ, ರೆಕ್ಕೆಯ ಗೆರೆ ಮೇಲಕ್ಕೆ ಬಾಗಿದ್ದರೆ ಹೊಳೆಮತ್ತಿ, ನೇರ ಅಡ್ಡಕ್ಕಿದ್ದರೆ ಮತ್ತಿ. ಒಣ ಕಾಯಿಯ ಫೋಟೊದಲ್ಲಿ ಈ ಗೆರೆಗಳು ಮೂಡುತ್ತಿಲ್ಲ. ಫೋನಿನಲ್ಲೇ ತೆಗೆಯುವವರು ಬೆಳಕನ್ನು ಯಾವ ಕಡೆಯಿಂದ ಬಿಡುತ್ತೀರಿ, ದಯವಿಟ್ಟು ತಿಳಿಸಿ.