ಅರ್ಜೆಂಟ್ ಪದ ಬೇಕಿತ್ತು: ‘ವಿಜಿಲಾಂಟೆ’, ‘ರಿಫಾರ್ಮ್ಡ್ ಥೀಫ್’ ಇವಕ್ಕೆ ಕನ್ನಡದಲ್ಲಿ ಏನಂತೀರಿ?

ಎಲ್ಲರಿಗೂ ನಮಸ್ಕಾರ,

ಟೈಮ್ ಇಲ್ಲ, ನೇರ ವಿಷಯಕ್ಕೆ ಬರ್ತೀನಿ. ಒಂದು ಕಾಮಿಕ್ಸ್ ಪ್ರದರ್ಶನದ ಗೋಡೆ ಫಲಕಗಳನ್ನ ಕನ್ನಡಕ್ಕೆ ಮಾಡ್ತಿದೀನಿ, ನಾಳೆ ಬೆಳಿಗ್ಗೆ ಹತ್ತಕ್ಕೆ ಪ್ರಿಂಟಿಗೆ ಹೋಗಬೇಕು, ಮಿಕ್ಕಿದ್ದೆಲ್ಲ ಮುಗಿದಿದೆ, ಬ್ಯಾಟ್‌ಮ್ಯಾನ್ ಕ್ಯಾಟ್‌ವುಮನ್ ಪ್ರೇಮದ ಫಲಕ ಒಂದೇ ಕೂತುಬಿಟ್ಟಿದೆ. ತಲೆಬರಹದಲ್ಲಿ ಹೆಸರು ಹಾಕೋ ಹಾಗಿಲ್ಲ, ಹೆಸರು ಕೆಳಗಿನ ಬರಹದಲ್ಲಿ ಬರುತ್ತೆ. ಮೂಲದಲ್ಲಿ ಅವನು ‘ಮಾಸ್ಕ್ಡ್ ವಿಜಿಲಾಂಟೆ’ (ಮುಖವಾಡ ಹಾಕ್ಕೊಂಡು ಕಾನೂನು ತಾನೇ ಕೈಗೆತ್ತಿಕೊಳ್ಳೋನು), ಅವಳು ‘ರಿಫಾರ್ಮ್ಡ್ ಥೀಫ್’ (ಕಳ್ಳತನ ಬಿಟ್ಟು ಸರಿದಾರಿಗೆ ಬಂದವಳು), ಇಬ್ಬರದ್ದು ‘ರೊಮಾನ್ಸ್’, ಅಷ್ಟೇ. ಕನ್ನಡದಲ್ಲಿ ಹತ್ತು ಪದ ಮೀರಬಾರದು.

ನಾನು ಬರ್ಕೊಂಡಿದ್ದು ‘ಮುಖವಾಡಧಾರಿ ಜಾಗೃತ ಯೋಧ ಮತ್ತು ಸುಧಾರಿತ ಕಳ್ಳಿಯ ಪ್ರಣಯ’. ಓದಿದಾಗೆಲ್ಲ ಚುಚ್ಚುತ್ತೆ. ಜಾಗೃತ ಅಂದ್ರೆ ಲಂಚ ಹಿಡಿಯೋ ಜಾಗೃತ ದಳ ಕಣ್ಮುಂದೆ ಬರುತ್ತೆ. ಸುಧಾರಿತ ಅಂದ್ರೆ ಸುಧಾರಿತ ತಳಿ, ಸುಧಾರಿತ ತಂತ್ರಜ್ಞಾನ, ಅಂದ್ರೆ ಇವಳು ಮೊದಲಿಗಿಂತ ಚೆನ್ನಾಗಿ ಕದೀತಾಳೆ ಅಂತಾಗುತ್ತೆ. ಪ್ರಣಯ ಅಂದ್ರೆ ಈಗ ಹಾಸಿಗೆವರೆಗೆ ಹೋಗುತ್ತೆ ಅರ್ಥ, ಮಕ್ಕಳೂ ಓದೋ ಫಲಕ ಇದು. ಕಳ್ಳಿ ಅಂತ ಬರೀ ಹಾಕಿದ್ರೆ ಗಿಡ ಅಂದ್ಕೊಂಡ್ರು ಮನೇಲಿ ಒಬ್ಬರು.

ಇವತ್ತು ರಾತ್ರಿ ಒಳಗೆ ಯಾರಾದ್ರೂ ದಾರಿ ತೋರಿಸಿದ್ರೆ ಉಪಕಾರ ಆಗುತ್ತೆ.

ಮರು:

> ಜಾಗೃತ ಯೋಧ

ಜಾಗೃತ ಅನ್ನೋ ರೂಪವೇ ಅಶುದ್ಧ. ಜಾಗೃ ಧಾತುವಿನಿಂದ ಆಗೋದು ಜಾಗರಿತ. ಪತ್ರಿಕೆಯವರು ಹಬ್ಬಿಸಿದ ಕಳೆ ಇದು, ಫಲಕಕ್ಕೂ ಹತ್ತಿಸಬೇಡಿ.

ಇರುಳು ಊರು ಕಾಯೋನಿಗೆ ನಮ್ಮಲ್ಲಿ ಹಳೇ ಪದ ಇದೆ, ತಳಾರ, ಈಗಿನ ತಳವಾರ. ಹಳಗನ್ನಡದ ಜೈನ ಕಥೆಗಳ ಪುಸ್ತಕ ವಡ್ಡಾರಾಧನೆಯ ವಿದ್ಯುಚ್ಚೋರನ ಕಥೆ ಓದಿದ್ರೆ ನಿಮ್ಮ ಫಲಕದ ಜೋಡಿ ಹೊಸದು ಅನ್ಸಲ್ಲ. ಯಮದಂಡ ತಳಾರ, ವಿದ್ಯುಚ್ಚೋರ ಕಳ್ಳ, ಇಬ್ಬರೂ ಎಳೆತನದ ಜೊತೆಗಾರರು, ಒಬ್ಬ ಕಾಯೋ ವಿದ್ಯೆ ಕಲಿತ, ಇನ್ನೊಬ್ಬ ಕದಿಯೋ ವಿದ್ಯೆ ಕಲಿತ, ಗೆಳೆಯ ಕಾಯೋ ಊರಲ್ಲೇ ಬಂದು ಕದ್ದ. ಅಲ್ಲಿರೋದು ಗೆಳೆತನ, ಇಲ್ಲಿ ಪ್ರೇಮ, ವ್ಯತ್ಯಾಸ ಅಷ್ಟೇ. ‘ಮುಖವಾಡದ ತಳಾರ’ ಅನ್ನಿ, ಮುಗೀತು.

ಮರು:

ಮೇಷ್ಟ್ರೇ, ಮುಗೀಲಿಲ್ಲ. ತಳಾರ ರಾಜನ ನೌಕರ. ಇವನನ್ನ ಯಾರೂ ನೇಮಿಸಿಲ್ಲ, ಪದದ ಜೀವ ಇರೋದೇ ಅಲ್ಲಿ. ವಿಜಿಲಾಂಟೆ ಅನ್ನೋದಕ್ಕೆ ಮೂಲದಲ್ಲಿ ‘ಎಚ್ಚರವಾಗಿರೋನು’ ಅಂತ ಅರ್ಥ ನಿಜ, ಆದರೆ ಸ್ಪ್ಯಾನಿಷಿನಿಂದ ಇಂಗ್ಲಿಷಿಗೆ ಬಂದಿದ್ದು 19ನೇ ಶತಮಾನದ ಅಮೆರಿಕದಲ್ಲಿ, ಸ್ಯಾನ್ ಫ್ರಾನ್ಸಿಸ್ಕೋದಲ್ಲಿ 1851ರಲ್ಲಿ ಒಮ್ಮೆ, 1856ರಲ್ಲಿ ಮತ್ತೊಮ್ಮೆ ‘ವಿಜಿಲೆನ್ಸ್ ಕಮಿಟಿ’ ಕಟ್ಕೊಂಡು ಊರಿನವರೇ ಆರೋಪಿಗಳನ್ನ ಹಿಡಿದು ತಾವೇ ವಿಚಾರಣೆ ನಡೆಸಿ ಗಲ್ಲಿಗೆ ಹಾಕಿದ್ರು, ಕೋರ್ಟು ಇಲ್ಲ ಏನಿಲ್ಲ. ಆ ಕಾಲದ ಕಳಂಕ ಆ ಪದಕ್ಕೆ ಅಂಟಿಕೊಂಡಿದೆ. ತಳಾರ ಅಂದ್ರೆ ಅದು ತೊಳೆದು ಹೋಗುತ್ತೆ, ಬರೀ ಒಳ್ಳೆಯವನು ಉಳೀತಾನೆ.

ನ್ಯೂಸ್ ಡೆಸ್ಕಲ್ಲಿ ನಾವು ‘ಕಾನೂನು ಕೈಗೆತ್ತಿಕೊಂಡವರು’ ಅಂತ ಬರೀತೀವಿ, ಸುದ್ದಿಗೆ ಸರಿ, ತಲೆಬರಹಕ್ಕೆ ಭಾರ. ‘ಸ್ವಘೋಷಿತ ಕಾವಲುಗಾರ’ ಅರ್ಥಕ್ಕೆ ಹತ್ತಿರ ಇದೆ, ಆದರೆ ಸ್ವಘೋಷಿತ ಅಂದ ಕೂಡಲೇ ಸ್ವಘೋಷಿತ ದೇವಮಾನವ ಪಕ್ಕಕ್ಕೆ ಬಂದು ಕೂರ್ತಾನೆ, ಅದು ಬೈಗುಳ. ನನ್ನ ಓಟು ‘ವಿಜಿಲಾಂಟೆ’ ಅಂತಲೇ ಬಿಡೋದಕ್ಕೆ. ಇಂಗ್ಲಿಷಿನವರೇ ಅದನ್ನ ತರ್ಜುಮೆ ಮಾಡದೆ ಹಾಗೇ ತಗೊಂಡ್ರು, ನಮಗ್ಯಾಕೆ ಸಂಕೋಚ? ಪೊಲೀಸು, ಕೋರ್ಟು, ಜೈಲು ಹಾಗೇ ಬಂದವು, ಇದೂ ಬರಲಿ. ಹಾಗೇ ಇಟ್ಕೊಳಲ್ಲ ಅಂದ್ರೆ ‘ಕತ್ತಲೆಯೋಧ’ ಅನ್ನಿ, ಸಿನಿಮಾ ಪೋಸ್ಟರಿನ ಥರ ಎದ್ದು ಕಾಣುತ್ತೆ.

ಮರು:

ಕತ್ತಲೆಯೋಧ ಅರಿಸಮಾಸ, ಕನ್ನಡ ಪದಕ್ಕೆ ಸಂಸ್ಕೃತ ಪದ ಬೆಸೆದದ್ದು. ಬೇಡ.

ಮರು:

ಎರವಲಿಗೆ ಇಶ್ಟು ಅವಸರ ಯಾಕೆ? ಪೊಲೀಸು ಬಂದಾಗ ಊರಿನ ಕಾವಲಿನ ಪದಗಳೆಲ್ಲ ಮೂಲೆ ಸೇರಿದವು, ಅದನ್ನೇ ಗೆಲುವು ಅಂತ ಹೇಳ್ತಿದೀರಿ. ‘ಯೋದ’ ನಮ್ಮದಲ್ಲ, ‘ಪ್ರಣಯ’ ನಮ್ಮದಲ್ಲ, ‘ಮಾಜಿ’ ಅರಬ್ಬಿಯದು, ಕಾವಲುಗಾರದ ‘ಗಾರ’ ಕೂಡ ಸಂಸ್ಕ್ರುತದ ‘ಕಾರ’. ಗಾಣಿಗ, ಕನ್ನಡಿಗ ಅನ್ನೋ ಹಾಗೆ ‘ಕಾವಲಿಗ’ ಕಟ್ಟಬಹುದು. ಯಾರೂ ಹೇಳದೆ ತಾನೇ ಕಾಯೋಕೆ ನಿಂತವನು ‘ತನ್ಗಾವಲಿಗ’. ಒಂದೇ ಪದ, ಅಚ್ಚಗನ್ನಡ.

ಇನ್ನು ಪ್ರಣಯ ಪ್ರೇಮ ಎರಡೂ ಬಿಡಿ, ‘ಒಲವು’ ಹಾಕಿ. ಇದನ್ನ ಸ್ವಲ್ಪ ನಿದಾನವಾಗಿ ನೋಡಿ. ಒಲವಿನ ಬೇರು ‘ಒಲ್’. ಒಲಿ, ಒಲುಮೆ ಇದರವೇ. ನಲ್ಲೆಗೆ ಹಳಗನ್ನಡದಲ್ಲಿ ಹೇಳೋ ‘ಓಪಳ್’ ಬೇರೆ ಬೇರಿನದು, ಅದನ್ನ ಸೇರಿಸಬೇಡಿ. ಆದರೆ ‘ಒಲ್ಲೆ’ ಅಂತೀವಲ್ಲ, ಬೇಡ ಅನ್ನೋಕೆ, ಅದೂ ಇದೇ ‘ಒಲ್’ನ ಅಲ್ಲಗಳೆತ. ಒಲವು ಅನ್ನೋ ಪದವೂ ಒಲ್ಲೆ ಅನ್ನೋ ಪದವೂ ಒಂದೇ ಬೇರಿನ ಕವಲು. ಕಾಯೋನು ಕದಿಯೋಳು ಇಬ್ಬರ ನಡುವಿನ ನಂಟಿಗೆ ಇದಕ್ಕಿಂತ ಹತ್ತಿರದ ಪದ ಯಾವ ನುಡಿಯಲ್ಲೂ ಸಿಗಲಿಕ್ಕಿಲ್ಲ.

ಮರು:

> ತನ್ಗಾವಲಿಗ

ತನ್ನನ್ನ ತಾನು ಕಾಯೋನು ಅಂತಾಗುತ್ತೆ. ಬಾಡಿಗಾರ್ಡು. ಆಗಲ್ಲ.

ಗಾರ ಎಲ್ಲಿಂದಾದ್ರೂ ಬಂದಿರಲಿ, ಬಳೆಗಾರ ಕೂಲಿಗಾರ ಮೋಜುಗಾರ ಅಂತ ನಾಲಿಗೆ ಮೇಲೆ ಆಡ್ತಿರೋ ಪ್ರತ್ಯಯನ ಹೊರಗೆ ಹಾಕೋಕೆ ನಾವ್ಯಾರು? ಇನ್ನು ಮೇಷ್ಟ್ರ ಅರಿಸಮಾಸಕ್ಕೆ: ಹಳಗನ್ನಡಕ್ಕೆ ವ್ಯಾಕರಣ ಬರೆದ ಕೇಶಿರಾಜನೇ ಬಿರುದುಗಳಲ್ಲಿ ಅರಿಸಮಾಸ ಒಪ್ಕೊಂಡಿದಾನೆ. ಮುಖವಾಡ ಹಾಕ್ಕೊಂಡು ಹೊರಡೋನಿಗೆ ಕೊಡೋ ಹೆಸರು ಬಿರುದಲ್ಲದೆ ಇನ್ನೇನು?

ಮರು:

ಬಿರುದು ಹೌದು, ಒಪ್ಪಿದೆ. ಆದರೆ ತಲೆಬರಹದಲ್ಲಿ ಬಿರುದು ಬೇಡ ಅಂತ ತಾನೇ ಅವರು ಹೇಳಿದ್ದು? ಇವನು ಎಂಥವನು ಅಂತ ಹೇಳಬೇಕು, ಏನಂತ ಕರೀತಾರೆ ಅಂತಲ್ಲ. ಕತ್ತಲೆಯೋಧ ಹಾಗೇ ಅಶುದ್ಧವಾಗಿ ಉಳೀತು.

ಮರು:

ನಾನು ವ್ಯಾಕರಣದವನಲ್ಲ, ಚಿಕ್ಕಂದಿನಿಂದ ಈ ಕಾಮಿಕ್ಸ್ ಓದ್ಕೊಂಡು ಬಂದವನು. ಎಲ್ಲರೂ ಅವನ ಪದಕ್ಕೆ ಜೋತುಬಿದ್ದಿದೀರಿ, ಕಷ್ಟ ಇರೋದು ಅವಳ ಪದದಲ್ಲಿ.

ಅವಳು ಮೊದಲು ಬಂದಿದ್ದು 1940ರಲ್ಲಿ, ಅವನ ಹೆಸರಿನ ಪತ್ರಿಕೆಯ ಮೊದಲನೇ ಸಂಚಿಕೆಯಲ್ಲೇ, ಆಗ ಅವಳ ಹೆಸರು ಬರೀ ‘ದಿ ಕ್ಯಾಟ್’. ಹಡಗಿನಲ್ಲಿ ಹಾರ ಕದಿಯೋಕೆ ಮುದುಕಿ ವೇಷ ಹಾಕಿರ್ತಾಳೆ, ಅವನು ಹಿಡೀತಾನೆ, ಅವಳು ನೀರಿಗೆ ಹಾರ್ತಾಳೆ, ಅವನ ಜೊತೆಗಾರ ರಾಬಿನ್ ಅವಳನ್ನ ಹಿಡಿಯೋಕೆ ಹೋದ್ರೆ ಅಡ್ಡ ಬರೋದು ಬ್ಯಾಟ್‌ಮ್ಯಾನೇ. ಅಂದ್ರೆ ಮೊದಲ ದಿನ ಕರ್ತವ್ಯ ತಪ್ಪಿದ್ದು ಅವನು. 1950ರ ಕೊನೆಗೆ ಅವಳು ಕಳ್ಳತನ ಬಿಟ್ಟಳು, ಹಳೇದೆಲ್ಲ ಮರೆವಿನ ಕಾಯಿಲೆಯಲ್ಲಿ ಮಾಡಿದ್ದು ಅಂದಳು, 1954ರಲ್ಲಿ ಮತ್ತೆ ಶುರು ಹಚ್ಕೊಂಡಳು. ಅದೇ ವರ್ಷ ಅಮೆರಿಕದಲ್ಲಿ ಕಾಮಿಕ್ಸಿಗೆ ಕಟ್ಟುಪಾಡು ಬಂತು, ಅವಳು 1966ರವರೆಗೆ ಪುಟಗಳಲ್ಲೇ ಇಲ್ಲ. 1977ರಲ್ಲಿ ಬೇರೊಂದು ಭೂಮಿಯ ಕಥೆ ಬಂತು, ಅಲ್ಲಿ ಅವಳು ಪೂರ್ತಿ ಬಿಟ್ಟು ಅವನನ್ನ ಮದುವೆಯಾಗಿ ಮಗಳೂ ಇದಾಳೆ, ಹೆಲೆನಾ ಅಂತ. ಮೂಲ ಕಥಾಸಾಲಲ್ಲಿ 2017ರಲ್ಲಿ ಮಹಡಿ ಮೇಲೆ ಅವನೇ ಮದುವೆ ಕೇಳಿದ, 2018ರಲ್ಲಿ ಮದುವೆ ದಿನ ಅವಳು ಹಿಂದೆ ಸರಿದಳು, ಅವನು ಸುಖವಾಗಿದ್ರೆ ಊರು ಕಾಯೋ ಮನುಷ್ಯ ಉಳಿಯಲ್ಲ ಅಂತ.

ಈಗ ಹೇಳಿ, ಇವಳನ್ನ ‘ಸುಧಾರಿಸಿದವಳು’ ಅಂತ ಒಂದು ವಿಶೇಷಣದಲ್ಲಿ ಕಟ್ಟಿಹಾಕಿದ್ರೆ ಹೇಗೆ? ಸುಧಾರಿಸೋದು ಅಂದ್ರೆ ಹೊರಗಿನಿಂದ ಯಾರೋ ಕೂತು ತಿದ್ದಿದ ಹಾಗೆ. ಇವಳನ್ನ ಯಾರೂ ತಿದ್ದಿಲ್ಲ, ಬೇಕಾದಾಗ ಬಿಟ್ಟಳು, ಬೇಕಾದಾಗ ಹಿಡಿದಳು. ‘ಮಾಜಿ ಕಳ್ಳಿ’ ಇದ್ದಿದ್ದರಲ್ಲಿ ವಾಸಿ, ಮಾಜಿ ಮಂತ್ರಿ ಮತ್ತೆ ಮಂತ್ರಿ ಆಗಬಹುದು ನೋಡಿ, ಬಾಗಿಲು ತೆರೆದಿರುತ್ತೆ.

2018ರ ಸಂಚಿಕೆ ಓದಿದವರಿಗೆ ಒಲವು ಒಲ್ಲೆ ಮಾತು ಎದೆಗೇ ನಾಟುತ್ತೆ. ಹೇಳಿದವರಿಗೆ ನಮಸ್ಕಾರ.

ಮರು:

ಮಾಜಿ ಹುದ್ದೆಗೆ ಹೇಳೋ ಮಾತು. ಕಳ್ಳತನ ಹುದ್ದೆಯಲ್ಲ.

ಮೇಲಿನವರ ವಾದ ಸರಿ ಇದೆ, ಮದ್ದು ಬೇರೆ. ಕನ್ನಡಕ್ಕೆ ಇಂಥಲ್ಲಿ ವಿಶೇಷಣ ಯಾವತ್ತೂ ಬೇಕಾಗಿರಲಿಲ್ಲ. ನಾನು ಹೇಳಿದ ಕಥೆಯಲ್ಲಿ ವಿದ್ಯುಚ್ಚೋರ ಕೊನೆಗೆ ಸನ್ಯಾಸಿ ಆಗ್ತಾನೆ, ಆದರೂ ಕಥೆಯ ಹೆಸರಿನಲ್ಲಿ ಅವನು ವಿದ್ಯುಚ್ಚೋರನೆಂಬ ರಿಸಿ. ಚೋರನೂ ಇದಾನೆ, ರಿಸಿಯೂ ಇದಾನೆ, ಯಾರೂ ಚೋರನ ಹಿಂದೆ ‘ಮಾಜಿ’ ಅಂಟಿಸಲಿಲ್ಲ. ವಚನಕಾರರಲ್ಲಿ ಕನ್ನದ ಮಾರಿತಂದೆ ಇದಾರೆ. ಕನ್ನ ಹಾಕೋದು ಬಿಟ್ಟು ಶರಣರಾದರು, ಕನ್ನದ ಅನ್ನೋದು ಹೆಸರಿಂದ ಬಿಡಲಿಲ್ಲ. ನಮ್ಮ ಭಾಷೆ ಹಳೇ ಕಸುಬನ್ನ ಅಳಿಸಲ್ಲ, ಅದರ ಪಕ್ಕದಲ್ಲಿ ಹೊಸದನ್ನ ಇಡುತ್ತೆ. ಇದನ್ನ ಇಂಗ್ಲಿಷಿನಿಂದ ಕಲಿಯೋ ಅಗತ್ಯ ಇಲ್ಲ.

ಅದಕ್ಕೇ ಅವಳು ‘ಕನ್ನಗಳ್ಳಿ’. ಗಿಡದ ಗೊಂದಲವೂ ಹೋಯ್ತು.

ಮರು:

ಕನ್ನ ಅಂದ್ರೆ ಗೋಡೆ ಕೊರೆದ ತೂತು. ಅವಳು ಕಿಟಕಿಯಿಂದ ಬರೋಳು ಅಂದ್ಕೊಂಡಿದೀನಿ.

ಮರು:

ಬ್ಯಾಂಕಿಗೆ ಕನ್ನ, ಬೊಕ್ಕಸಕ್ಕೆ ಕನ್ನ, ದಿನಾ ಪೇಜು ಕಟ್ತೀವಿ ನಾವು, ಯಾರೂ ಗೋಡೆ ಕೊರೆದಿರಲ್ಲ. ಅರ್ಥ ಹಿಗ್ಗಿ ಎಷ್ಟೋ ಕಾಲ ಆಯ್ತು. ಕನ್ನಗಳ್ಳಿಗೆ ನನ್ನದೂ ಓಟು, ಈ ಸಲ ಮೇಷ್ಟ್ರ ಜೊತೆ.

ಆದರೆ ಒಂದು. ಬರೀ ಕನ್ನಗಳ್ಳಿ ಅಂತ ಬಿಟ್ರೆ ಅವಳು ಇವತ್ತೂ ಕದೀತಿದಾಳೆ ಅಂತ ಓದ್ತಾರೆ, ಫಲಕ ಓದೋರಿಗೆ ವಡ್ಡಾರಾಧನೆ ಗೊತ್ತಿರಲ್ಲ. ‘ಕಳವು ಬಿಟ್ಟ ಕನ್ನಗಳ್ಳಿ’ ಅಂತ ಕೃದಂತ ಹಾಕಿ. ‘ಬಿಟ್ಟ’ ಅಂದ್ರೆ ಬಿಟ್ಟಿದಾಳೆ ಅಷ್ಟೇ, ಮತ್ತೆ ಹಿಡಿಯಲ್ಲ ಅಂತ ಮಾತು ಕೊಟ್ಟ ಹಾಗಲ್ಲ. ಕುಡಿತ ಬಿಟ್ಟವರ ಬಗ್ಗೆ ನಾವು ಹೇಳೋ ಹಾಗೆ. ಕಾಮಿಕ್ಸ್ ಸರ್ ಕೇಳಿದ ಬಾಗಿಲೂ ತೆರೆದೇ ಇರುತ್ತೆ.

ಮರು:

ಎಲ್ಲರಿಗೂ ತುಂಬಾ ಥ್ಯಾಂಕ್ಸ್, ನಿಜವಾಗ್ಲೂ. ಈಗ ಹನ್ನೊಂದೂವರೆ ಆಯ್ತು, ಎರವಲಿನ ಜಗಳ ನಾಳೆಗೆ ಇಟ್ಕೊಂಡು ಇದನ್ನೊಂದು ಮುಗಿಸಿಕೊಡಿ. ಒಲವು ಖಚಿತ. ಕಳವು ಬಿಟ್ಟ ಕನ್ನಗಳ್ಳಿ ಖಚಿತ, ಓದ್ತಿದ್ರೆ ಕಿವಿಗೂ ಚೆನ್ನಾಗಿದೆ. ಅವನೊಬ್ಬ ಉಳಿದ.

‘ಯಾರೂ ನೇಮಿಸಿಲ್ಲ, ಪದದ ಜೀವ ಇರೋದೇ ಅಲ್ಲಿ’ ಅಂತ ಮೇಲೆ ಒಬ್ಬರು ಬರೆದ್ರಲ್ಲ, ವಾದಕ್ಕೆ ಅಂತ ಬರೆದಿದ್ದೇ ಪದ ಅನ್ಸುತ್ತೆ ನನಗೆ. ‘ಯಾರೂ ನೇಮಿಸದ ಮುಖವಾಡದ ಕಾವಲುಗಾರ’. ಕಾನೂನಿನ ಹೊರಗಿದಾನೆ ಅಂತ ಗೊತ್ತಾಗುತ್ತೆ, ಬೈದ ಹಾಗೂ ಇಲ್ಲ, ಹೊಗಳಿದ ಹಾಗೂ ಇಲ್ಲ. ನಡೆಯುತ್ತಾ?

ಮರು:

‘ಯಾರೂ ನೇಮಿಸದ ಮುಖವಾಡ’ ಅಂತ ಕೂಡ್ಕೊಂಡು ಓದುತ್ತೆ. ನೇಮಿಸದ ಅನ್ನೋದು ಕಾವಲುಗಾರನ ಪಕ್ಕದಲ್ಲೇ ಇರಲಿ. ‘ಮುಖವಾಡ ತೊಟ್ಟ, ಯಾರೂ ನೇಮಿಸದ ಕಾವಲುಗಾರ’. ಧಾರಿಯೂ ಹೋಯ್ತು.

ಮರು:

ವಿಜಿಲಾಂಟೆ ಬಿಟ್ಟಿದ್ದು ನನಗೆ ಇನ್ನೂ ಒಪ್ಪಿಗೆ ಇಲ್ಲ. ಇನ್ನೊಂದು ಹತ್ತು ವರ್ಷಕ್ಕೆ ಎಲ್ಲರೂ ಅದನ್ನೇ ಬಳಸ್ತಾರೆ. ಆದರೆ ಈ ಫಲಕಕ್ಕೆ ನಿಮ್ಮ ಸಾಲು ಒಳ್ಳೇದಾಗಿದೆ, ಹಾಕಿ.

ಮರು:

ಬೆಳಿಗ್ಗೆ ಒಂಬತ್ತೂವರೆಗೆ ಕಳಿಸಿದೆ. ಹೋಗಿದ್ದು ಹೀಗೆ:

ಮುಖವಾಡ ತೊಟ್ಟ, ಯಾರೂ ನೇಮಿಸದ ಕಾವಲುಗಾರ. ಕಳವು ಬಿಟ್ಟ ಕನ್ನಗಳ್ಳಿ: ಇಬ್ಬರ ಒಲವು

ಸರಿಯಾಗಿ ಹತ್ತು ಪದ. ಕೆಳಗಿನ ಬರಹದಲ್ಲಿ 1940ರ ಹಡಗಿನ ಪ್ರಸಂಗ ಸೇರಿಸಿದೀನಿ, ರಾಬಿನ್‌ಗೆ ಅವನೇ ಅಡ್ಡ ಬಂದಿದ್ದು ಸಮೇತ. ಒಲವು ಒಲ್ಲೆ ವಿಷಯ ಸೇರಿಸೋಕೆ ಜಾಗ ಸಾಲಲಿಲ್ಲ, ಅದೊಂದು ಹೊಟ್ಟೆ ಉರಿ.

ಮರು:

ನೇಮಿಸು ಸಂಸ್ಕ್ರುತದ್ದು. ‘ಯಾರೂ ಇರಿಸದ’ ಅನ್ನಬಹುದಿತ್ತು.

ಮರು:

ನೇಮ ತದ್ಭವ, ನಿಯಮದಿಂದ ಬಂದದ್ದು. ತದ್ಭವ ಆದ ಮೇಲೆ ಅದು ಕನ್ನಡವೇ.

ಮರು:

ನಿಮಗೆ.