ಸಹಾಯ ಬೇಕು: ಅತ್ತೆ ಜೊತೆ ಕೂತು ನೋಡೋ ಸಿನಿಮಾ ಹೇಳಿ

ನಾವಿರೋದು ಮಡಿಕೇರಿ ಹತ್ತಿರ, ಒಂದು ವಾರದಿಂದ ಮಳೆ ಬಿಟ್ಟಿಲ್ಲ, ತೋಟದ ಕೆಲಸವೂ ನಿಂತಿದೆ, ಅತ್ತೆ ದಿನಾ ಸಂಜೆ ಕಾಫಿ ಲೋಟ ಹಿಡಿದು ಟೀವಿ ಮುಂದೆ ಕೂತು "ಏನಾದ್ರೂ ಹಾಕಮ್ಮ" ಅಂತಾರೆ. 2025ರ 'ಸು ಫ್ರಮ್ ಸೋ' ಹಾಕಿದ್ದೆ. ನಕ್ಕು ನಕ್ಕು ಕಾಫಿಯನ್ನ ಸೀರೆ ಮೇಲೆ ಚೆಲ್ಲಿಕೊಂಡರು. ಆಮೇಲೆ ರಂಗಾಯಣ ರಘು ಹೋಟೆಲ್ ಅಡುಗೆಯವರಾಗಿರೋ ಥ್ರಿಲ್ಲರ್ 'ಶಾಖಾಹಾರಿ', ಅದೂ ಹಿಡಿಸಿತು, ಆದರೆ ಇನ್ಮೇಲೆ ಹೋಟೆಲ್ ಊಟ ಬೇಡವಂತೆ!

ಇಂಥವೇ ಇನ್ನೊಂದೆರಡು ಹೇಳಿ. ಹೊಡೆದಾಟ ಜಾಸ್ತಿ ಇರೋದು ಬೇಡ. ಮಲಯಾಳಂ ಆದರೂ ಸರಿ, ಕನ್ನಡ ಡಬ್ಬಿಂಗ್ ಇದ್ದರೆ ಒಳ್ಳೇದು, ಸಬ್‌ಟೈಟಲ್ ಅಂದರೆ ಕನ್ನಡಕ ಹುಡುಕೋದರಲ್ಲೇ ಅರ್ಧ ಸಿನಿಮಾ ಮುಗಿಯುತ್ತೆ. ಮುಂದಿನ ವಾರ ಮೈಸೂರಿಗೆ ಹೋಗೋದಿದೆ, ಥಿಯೇಟರ್‌ನಲ್ಲೇ ನೋಡಬೇಕು ಅನ್ನೋದು ಇದ್ದರೆ ಅದನ್ನೂ ತಿಳಿಸಿ. ಸ್ವಲ್ಪ ಬೇಗ, ಕರೆಂಟ್ ಇರುವಾಗಲೇ ಡೌನ್‌ಲೋಡ್ ಮಾಡಿಟ್ಟುಕೊಳ್ಳಬೇಕು.